ಸೈಪ್ರಸ್‌ನಲ್ಲಿ ತಿಮ್ಮಯ್ಯನವರು ಯಾರಿಗೆ ಆಜ್ಞೆ ಕೊಡುತ್ತಿದ್ದರು?

ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದುದು ನಮಗೆಲ್ಲ ಗೊತ್ತು. ನಿವೃತ್ತಿಯ ನಂತರ, 1964ರಲ್ಲಿ, ಸೈಪ್ರಸ್‌ನ ವಿಶ್ವಸಂಸ್ಥೆ ಶಾಂತಿಪಾಲನಾ ಪಡೆಯ ದಂಡನಾಯಕತ್ವವನ್ನು ಜನರಲ್ ಗ್ಯಾನಿಯವರಿಂದ ವಹಿಸಿಕೊಂಡದ್ದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಇವತ್ತು ಆ ಪಡೆಯ ಅಧಿಕಾರ ಶ್ರೇಣಿಯ ಬಗ್ಗೆ ಓದುತ್ತಾ ಕುಳಿತವನಿಗೆ ಅದರ ವಿಚಿತ್ರ ರಚನೆ ಮನಸ್ಸಿನಿಂದ ಹೋಗುತ್ತಿಲ್ಲ.

ಭದ್ರತಾ ಮಂಡಳಿಯ 186ನೇ ನಿರ್ಣಯದ ಪ್ರಕಾರ ದಂಡನಾಯಕರನ್ನು ನೇಮಿಸುವವರು ಮಹಾಕಾರ್ಯದರ್ಶಿ, ಅವರು ವರದಿ ಒಪ್ಪಿಸಬೇಕಾದದ್ದೂ ಮಹಾಕಾರ್ಯದರ್ಶಿಗೇ. ಬ್ರಿಟನ್, ಕೆನಡಾ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್‌ಗಳ ತುಕಡಿಗಳು ಎಲ್ಲಿ ನಿಲ್ಲಬೇಕು, ಎಲ್ಲಿ ಗಸ್ತು ತಿರುಗಬೇಕು ಎಂಬುದನ್ನು ದಂಡನಾಯಕರು ನಿರ್ಧರಿಸಬಹುದಿತ್ತು. ಆದರೆ ತಪ್ಪು ಮಾಡಿದ ಸೈನಿಕನನ್ನು ಶಿಕ್ಷಿಸುವ ಅಧಿಕಾರ ಆಯಾ ದೇಶದ ಸೇನೆಯದೇ ಆಗಿತ್ತು, ತಮ್ಮ ತುಕಡಿಯನ್ನು ಹಿಂದಕ್ಕೆ ಕರೆಸಿಕೊಳ್ಳುವ ಹಕ್ಕೂ ಆ ಸರ್ಕಾರಗಳ ಕೈಯಲ್ಲೇ ಉಳಿದಿತ್ತು. ರಾಜಕೀಯ ಮಾತುಕತೆಗೆ ಬೇರೆಯೇ ಪ್ರತಿನಿಧಿ ಇದ್ದರು.

ಭಾರತದ ತುಕಡಿಯೇ ಇಲ್ಲದ ಪಡೆಗೆ ಭಾರತೀಯ ನಾಯಕ, ಅದರಲ್ಲೂ ಸ್ವಾತಂತ್ರ್ಯ ಬಂದು ಹದಿನೇಳೇ ವರ್ಷಗಳಲ್ಲಿ ಬ್ರಿಟಿಷ್ ಸೈನಿಕರು ಕೊಡಗಿನ ಅಧಿಕಾರಿಯ ಆಜ್ಞೆಯಡಿ! (ಈ ವ್ಯಂಗ್ಯವನ್ನು ಅವರು ಖಂಡಿತ ಸವಿದಿರಬೇಕೆಂಬುದು ನನ್ನ ಊಹೆ.) ಇಂಥ ವ್ಯವಸ್ಥೆಯಲ್ಲಿ ಹುದ್ದೆಗಿಂತ ವ್ಯಕ್ತಿಯ ವರ್ಚಸ್ಸೇ ಹೆಚ್ಚು ಕೆಲಸ ಮಾಡುತ್ತದೆಂದು ನನಗನ್ನಿಸುತ್ತದೆ. 1965ರ ಡಿಸೆಂಬರ್‌ನಲ್ಲಿ ಅವರು ಕರ್ತವ್ಯದಲ್ಲಿದ್ದಾಗಲೇ ಅಲ್ಲಿ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ಅಂಚೆಚೀಟಿ ಹೊರಡಿಸಿತು.