ಫೋಟೊಗೆ ಟ್ಯಾಗ್ ಹಾಕಿದ್ದೇವೆ, ಟಿವಿಯಲ್ಲಿ ಯಾಕೆ ಬರುತ್ತಿಲ್ಲ?

ಮನೆಯ ಮೀಡಿಯಾ ಕಂಪ್ಯೂಟರುಗಳ ಕೆಲಸದಲ್ಲಿ ಟ್ಯಾಗ್‌ನ (ಹುಡುಕಲೆಂದು ಫೋಟೊಗೆ ಅಂಟಿಸುವ ಪದದ) ದೂರು ನೋಡಲು ಸಣ್ಣದು, ಬಿಡಿಸಲು ಹೊತ್ತು ಹಿಡಿಯುವಂಥದ್ದು. ಬರುವುದು ಹೆಚ್ಚಾಗಿ ಮೂರು ಮಾತಿನಲ್ಲಿ: "ಲ್ಯಾಪ್‌ಟಾಪಿನಲ್ಲಿ ಟ್ಯಾಗ್ ಇದೆ, ಟಿವಿಯಲ್ಲಿ ಇಲ್ಲ", "ಅಳಿಸಿದ ಟ್ಯಾಗ್ ಮತ್ತೆ ಬಂದು ಕೂತಿದೆ", "ಕನ್ನಡದಲ್ಲಿ ಹಾಕಿದ್ದೆಲ್ಲ ಏನೇನೋ ಆಗಿದೆ". ಮೂರಕ್ಕೂ ಕಾರಣ ಬೇರೆ. ಆದರೆ ಎಲ್ಲರ ಕೈಯೂ ಮೊದಲು ಹೋಗುವುದು ಲೈಬ್ರರಿ ಪೂರ್ತಿ ಮರುಸ್ಕ್ಯಾನ್ ಮಾಡುವ ಗುಂಡಿಯ ಮೇಲೆ. ಆ ಗುಂಡಿಯನ್ನು ಕೊನೆಗೆ ಇಟ್ಟುಕೊಳ್ಳಿ. ಫೈಲಿನಲ್ಲೇ ಇಲ್ಲದ ಟ್ಯಾಗನ್ನು ಸಾವಿರ ಸಲ ಸ್ಕ್ಯಾನ್ ಮಾಡಿದರೂ ಸರ್ವರ್ (ಫೋಟೊಗಳನ್ನು ಟಿವಿಗೆ ಒದಗಿಸುವ ತಂತ್ರಾಂಶ) ಹುಟ್ಟಿಸಿಕೊಡುವುದಿಲ್ಲ.

ಟ್ಯಾಗ್ ಟಿವಿ ಪರದೆಗೆ ಬರಬೇಕಾದರೆ ಮೂರು ಕೈ ದಾಟಬೇಕು. ಟ್ಯಾಗ್ ಹಾಕಿದ ತಂತ್ರಾಂಶ ಅದನ್ನು ಫೈಲಿಗೆ ಬರೆಯಬೇಕು, ಮೀಡಿಯಾ ಸರ್ವರ್ ಫೈಲಿನ ಅದೇ ಜಾಗವನ್ನು ಓದಿ ತನ್ನ ಡೇಟಾಬೇಸಿಗೆ ಹಾಕಿಕೊಳ್ಳಬೇಕು, ಟಿವಿಯ ಆ್ಯಪ್ ಆ ಡೇಟಾಬೇಸನ್ನು ಕೇಳಬೇಕು. ಎಲ್ಲಿ ಕೈ ತಪ್ಪಿದೆ ಎಂದು ಒಂದೇ ಒಂದು ಫೋಟೊ ಹಿಡಿದು ಖಾತ್ರಿ ಮಾಡಿಕೊಳ್ಳುವ ತನಕ ಉಳಿದ ಫೋಟೊಗಳನ್ನು ಮುಟ್ಟಬಾರದು.

ಟ್ಯಾಗ್ ಕೂರುವ ಜಾಗಗಳು

"ಫೋಟೊದ ಒಳಗೆ" ಎಂದರೆ ಒಂದು ಜಾಗವಲ್ಲ. ಜೆಪೆಗ್ ಫೈಲಿನಲ್ಲಿ ಹಳೆಯ ಐಪಿಟಿಸಿ ಭಾಗ ಒಂದಿದೆ, ಪತ್ರಿಕಾ ಸಂಸ್ಥೆಗಳಿಗಾಗಿ ರೂಪುಗೊಂಡದ್ದು. ಅದರಲ್ಲಿ ಕೀವರ್ಡ್ಸ್ ಎಂಬ ಫೀಲ್ಡ್ ಇದೆ. ಅಡೋಬಿ 2001ರಲ್ಲಿ ತಂದ ಎಕ್ಸ್‌ಎಂಪಿ ಭಾಗದಲ್ಲಿ ಅದೇ ಕೆಲಸಕ್ಕೆ ಸಬ್ಜೆಕ್ಟ್ ಎಂಬ ಫೀಲ್ಡ್. ಕ್ಯಾಮೆರಾ ಬರೆಯುವ ಎಕ್ಸಿಫ್‌ನಲ್ಲಿ ಕೀವರ್ಡ್‌ಗೆಂದು ಪ್ರಮಾಣಿತ ಜಾಗವೇ ಇಲ್ಲ. ಮೈಕ್ರೋಸಾಫ್ಟ್ ತನ್ನದೇ ಆದ ಎಕ್ಸ್‌ಪಿ ಕೀವರ್ಡ್ಸ್ ಫೀಲ್ಡನ್ನು ಅಲ್ಲಿ ಸೇರಿಸಿಕೊಂಡಿತು. ಟ್ಯಾಗ್‌ಗಳ ನಡುವೆ ಅರ್ಧವಿರಾಮ ಹಾಕಿ ಒಂದೇ ಸಾಲಾಗಿ ಇಡುವುದು ಅದರ ಪದ್ಧತಿ. ಇವುಗಳ ಹೊರಗೆ, ಫೋಟೊದ ಪಕ್ಕದಲ್ಲಿ ಕೂರುವ ಸೈಡ್‌ಕಾರ್ ಫೈಲ್ ಇನ್ನೊಂದು ಜಾಗ. ಕೊನೆಯದು, ಟ್ಯಾಗ್ ಹಾಕಿದ ತಂತ್ರಾಂಶದ ಸ್ವಂತ ಡೇಟಾಬೇಸ್. ಟ್ಯಾಗ್ ಅಲ್ಲಿ ಮಾತ್ರ ಇದ್ದರೆ ಬೇರೆ ಯಾರಿಗೂ ಕಾಣದು.

ಫೋಟೊ ಜೋಡಿಸುವ ತಂತ್ರಾಂಶ ಲೈಟ್‌ರೂಮ್ ಕ್ಲಾಸಿಕ್ ಇದಕ್ಕೆ ಒಳ್ಳೆಯ ಉದಾಹರಣೆ. ನೀವು ಹೇಳದಿದ್ದರೆ ಅದು ಟ್ಯಾಗನ್ನು ತನ್ನ ಕ್ಯಾಟಲಾಗಿನಲ್ಲೇ ಇಟ್ಟುಕೊಳ್ಳುತ್ತದೆ. ಫೋಟೊ ಆರಿಸಿ ಕಂಟ್ರೋಲ್ ಮತ್ತು ಎಸ್ ಒತ್ತಬೇಕು, ಇಲ್ಲವೇ ಬದಲಾವಣೆಗಳನ್ನು ಎಕ್ಸ್‌ಎಂಪಿಗೆ ತಾನಾಗಿ ಬರೆಯುವ ಆಯ್ಕೆಯನ್ನು ಆನ್ ಮಾಡಿರಬೇಕು. ಡಿಜಿಕ್ಯಾಮ್‌ನಲ್ಲಿ ಮೆಟಾಡೇಟಾ (ಫೋಟೊದ ಜೊತೆಗಿರುವ ಮಾಹಿತಿ) ಸೆಟ್ಟಿಂಗ್ಸ್ ಒಳಗೆ ಟ್ಯಾಗ್‌ಗಳನ್ನು ಫೈಲಿಗೆ ಬರೆಯುವ ಗುರುತು ಇದೆಯೇ ನೋಡಿ. ಪಿಕಾಸಾ 2016ರಲ್ಲೇ ನಿಂತುಹೋಯಿತು, ಆದರೆ ಅದರಲ್ಲಿ ಜೋಡಿಸಿದ ಹಳೆಯ ಫೋಲ್ಡರುಗಳು ಈಗಲೂ ಸಿಗುತ್ತವೆ. ಅದರ ಕೀವರ್ಡ್‌ಗಳು ಜೆಪೆಗ್ ಒಳಗೇ ಇರುತ್ತವೆ. ನಕ್ಷತ್ರ ಗುರುತು ಮಾತ್ರ ಆಯಾ ಫೋಲ್ಡರಿನ ಪಿಕಾಸಾ ಐಎನ್‌ಐ ಫೈಲಿನಲ್ಲಿ. ಬೇಡದ ಫೈಲ್ ಎಂದು ಅದನ್ನು ಗುಡಿಸಿ ಹಾಕಿದರೆ ನಕ್ಷತ್ರಗಳೂ ಹೋದವು.

ಒಂದು ಫೋಟೊದ ಪರೀಕ್ಷೆ

ಫೈಲಿನ ಒಳಗಿನ ಟ್ಯಾಗ್‌ಗಳನ್ನು ಓದಿ ಬರೆಯುವ ಎಕ್ಸಿಫ್‌ಟೂಲ್ ಬೇಕು. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ತೊಂದರೆ ಇರುವ ಒಂದು ಜೆಪೆಗ್ ಅನ್ನು ಮೀಡಿಯಾ ಕಂಪ್ಯೂಟರಿನಿಂದಲೇ ನಕಲು ಮಾಡಿಕೊಳ್ಳಿ. ಲ್ಯಾಪ್‌ಟಾಪಿನ ಪ್ರತಿ ಬೇಡ, ಎಷ್ಟೋ ಸಲ ಅವೆರಡೂ ಒಂದೇ ಆಗಿರುವುದಿಲ್ಲ. ಕಮಾಂಡಿಗೆ ಮೂರು ಆಯ್ಕೆ ಕೊಡಿ: ಚಿಕ್ಕಕ್ಷರದ ಎ, ದೊಡ್ಡಕ್ಷರದ ಜಿ ಜೊತೆಗೆ 1, ಚಿಕ್ಕಕ್ಷರದ ಎಸ್. ಮೊದಲನೆಯದು ಒಂದೇ ಹೆಸರಿನ ಫೀಲ್ಡ್ ಎರಡು ಕಡೆ ಇದ್ದರೆ ಎರಡನ್ನೂ ತೋರಿಸುತ್ತದೆ, ಎರಡನೆಯದು ಪ್ರತಿ ಸಾಲಿನ ಮುಂದೆ ಅದು ಯಾವ ಭಾಗದ್ದು ಎಂದು ಹೇಳುತ್ತದೆ, ಮೂರನೆಯದು ಫೀಲ್ಡಿನ ನಿಜವಾದ ಹೆಸರು ಕೊಡುತ್ತದೆ. ಮೊದಲನೆಯದನ್ನು ಬಿಟ್ಟರೆ ಪರೀಕ್ಷೆಗೆ ಅರ್ಥವೇ ಇಲ್ಲ, ಯಾಕೆಂದರೆ ಜಗಳ ಇರುವುದೇ ಆ ಎರಡು ಪ್ರತಿಗಳ ನಡುವೆ.

ಎಲ್ಲೂ ಟ್ಯಾಗ್ ಇಲ್ಲದಿದ್ದರೆ ತಪ್ಪು ಬರೆಯುವ ಕಡೆ: ಟ್ಯಾಗ್ ಡೇಟಾಬೇಸಿನಲ್ಲೇ ಉಳಿದಿದೆ, ಅಥವಾ ಫೋಟೊ ಮೆಸೇಜಿಂಗ್ ಆ್ಯಪ್ ಮೂಲಕ ಬಂದಿದೆ. ಫೋಟೊವನ್ನು ಫೋಟೊ ಆಗಿಯೇ ಕಳಿಸಿದರೆ ಇಂಥ ಆ್ಯಪ್‌ಗಳು ಅದನ್ನು ಕುಗ್ಗಿಸಿ ಒಳಗಿನ ಮಾಹಿತಿ ಕಿತ್ತುಹಾಕುವುದು ಸಾಮಾನ್ಯ; ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲ್ ಹಾಗೇ ಬರುತ್ತದೆ. ಎಕ್ಸ್‌ಎಂಪಿಯಲ್ಲಿ ಇದ್ದು ಐಪಿಟಿಸಿಯಲ್ಲಿ ಇಲ್ಲದಿದ್ದರೆ, ಅಥವಾ ತಿರುಗುಮುರುಗಾಗಿದ್ದರೆ, ಸರ್ವರ್ ಓದುವ ಜಾಗ ಖಾಲಿ ಇರಬಹುದು. ಯಾವುದನ್ನು ಓದುತ್ತದೆ ಎಂದು ತಿಳಿಯಲು ನಕಲು ಫೋಟೊದ ಐಪಿಟಿಸಿಗೆ "ಒಂದು" ಎಂದೂ, ಎಕ್ಸ್‌ಎಂಪಿಗೆ "ಎರಡು" ಎಂದೂ, ಎಕ್ಸ್‌ಪಿ ಕೀವರ್ಡ್ಸ್‌ಗೆ "ಮೂರು" ಎಂದೂ ಬರೆದು, ಹೊಸ ಹೆಸರು ಕೊಟ್ಟು ಸರ್ವರಿನ ಫೋಲ್ಡರಿಗೆ ಹಾಕಿ. ಪರದೆಯಲ್ಲಿ ಯಾವ ಪದ ಬಂತೋ ಅದೇ ಉತ್ತರ. ಕೈಪಿಡಿ ಹುಡುಕುವುದಕ್ಕಿಂತ ಇದು ಬೇಗ; ಸರ್ವರಿನ ಆವೃತ್ತಿ ಬದಲಾದಾಗಲೂ ಇದೇ ಫೋಟೊ ಕೆಲಸಕ್ಕೆ ಬರುತ್ತದೆ.

ಅಳಿಸಿದ ಟ್ಯಾಗ್ ಮರಳಿ ಬರುವುದರ ಗುಟ್ಟೂ ಇಲ್ಲೇ ಇದೆ. ಒಂದು ತಂತ್ರಾಂಶ ಎಕ್ಸ್‌ಎಂಪಿಯಿಂದ ಮಾತ್ರ ಅಳಿಸುತ್ತದೆ. ಇನ್ನೊಂದು ಎರಡೂ ಪಟ್ಟಿಗಳನ್ನು ಕೂಡಿಸಿ ಓದುತ್ತದೆ. ಐಪಿಟಿಸಿಯಲ್ಲಿ ಉಳಿದ ಹಳೆಯ ಟ್ಯಾಗ್ ಹೀಗೆ ಎದ್ದು ಬರುತ್ತದೆ. ಎರಡರಲ್ಲಿ ಯಾವುದು ಸರಿ ಎಂದು ನೀವೇ ತೀರ್ಮಾನಿಸಿ, ಒಂದರಿಂದ ಇನ್ನೊಂದಕ್ಕೆ ಪಟ್ಟಿಯನ್ನು ಪೂರ್ತಿ ನಕಲು ಮಾಡಿ. ಕೂಡಿಸಲು ಹೋಗಬೇಡಿ, ಕೂಡಿಸಿದರೆ ಅಳಿಸಿದ ಟ್ಯಾಗ್‌ಗಳೆಲ್ಲ ಮರಳಿ ಬಂದು ಶಾಶ್ವತವಾಗಿ ಉಳಿಯುತ್ತವೆ.

ಕನ್ನಡದ ಟ್ಯಾಗ್‌ಗಳು

ಇಂಗ್ಲಿಷ್ ಟ್ಯಾಗ್ ಬಳಸುವವರಿಗೆ ಗೊತ್ತೇ ಆಗದ ನಾಲ್ಕು ತೊಂದರೆಗಳು ಇಲ್ಲಿವೆ. ಪರದೆಯ ಮೇಲೆ ಏನು ಕಾಣುತ್ತಿದೆ ಎಂಬುದನ್ನು ಸರಿಯಾಗಿ ನೋಡಿದರೆ ಕಾರಣ ಅಲ್ಲೇ ಬರೆದಿರುತ್ತದೆ.

ತಲೆಯ ಮೇಲೆ ಓರೆಗೀಟಿರುವ ಇಂಗ್ಲಿಷ್ ಎ, ಅದರ ಪಕ್ಕ ಪುಟ್ಟ 2 ಅಥವಾ ಪುಟ್ಟ 3, ಈ ಜೋಡಿ ಮತ್ತೆ ಮತ್ತೆ ಬರುತ್ತಿದ್ದರೆ ಸಮಾಧಾನ ಪಡಿ: ಟ್ಯಾಗ್ ಹಾಳಾಗಿಲ್ಲ. ಯುಟಿಎಫ್-8ರಲ್ಲಿ (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಪದ್ಧತಿ) ಕನ್ನಡದ ಪ್ರತಿ ಅಕ್ಷರಕ್ಕೂ 3 ಬೈಟ್. ಮೊದಲ ಬೈಟ್ ಎಲ್ಲಕ್ಕೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಅದನ್ನು ಯುರೋಪಿನ ಲ್ಯಾಟಿನ್ ಸಂಕೇತವೆಂದು ತಿಳಿದು ಓದಿದಾಗ ಆ ಜೋಡಿ ಕಾಣುತ್ತದೆ. ಐಪಿಟಿಸಿ ಭಾಗದಲ್ಲಿ ಕೋಡೆಡ್ ಕ್ಯಾರೆಕ್ಟರ್ ಸೆಟ್ ಎಂಬ ಫೀಲ್ಡ್ ಯುಟಿಎಫ್-8 ಎಂದು ಹೇಳಬೇಕು. ಅದು ಇಲ್ಲದಿದ್ದರೆ ಓದುವ ತಂತ್ರಾಂಶ ಲ್ಯಾಟಿನ್ ಎಂದುಕೊಳ್ಳುತ್ತದೆ. ಎಕ್ಸಿಫ್‌ಟೂಲಿಗೆ ಐಪಿಟಿಸಿಯನ್ನು ಯುಟಿಎಫ್-8 ಎಂದೇ ಓದಲು ಹೇಳಿ, ಐಪಿಟಿಸಿಯನ್ನು ಅದೇ ಫೈಲಿನಿಂದ ಅದೇ ಫೈಲಿಗೆ ನಕಲಿಸಿ, ಜೊತೆಗೆ ಆ ಫೀಲ್ಡನ್ನೂ ಬರೆಯಿಸಿ. ಸರಿಹೋಗುತ್ತದೆ. ಸರಿಮಾಡುವ ಮೊದಲೇ ಯಾರಾದರೂ ಬೇರೆ ತಂತ್ರಾಂಶದಲ್ಲಿ ತೆರೆದು ಸೇವ್ ಮಾಡಿದ್ದರೆ ಆ ಕೆಟ್ಟ ರೂಪವೇ ಎಕ್ಸ್‌ಎಂಪಿಗೂ ಇಳಿದಿರುತ್ತದೆ, ಆಗ ಕೆಲಸ ದುಪ್ಪಟ್ಟು.

ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಕಥೆ ಬೇರೆ. ಫೈಲಿನಲ್ಲೇ ಹಾಗಿದ್ದರೆ ಅಕ್ಷರಗಳು ಬರೆಯುವಾಗಲೇ ಸತ್ತಿವೆ, ಬ್ಯಾಕಪ್ ಬಿಟ್ಟರೆ ದಾರಿಯಿಲ್ಲ. ವಿಂಡೋಸ್ ಕಮಾಂಡ್ ಪ್ರಾಂಪ್ಟಿನಲ್ಲಿ ಕನ್ನಡ ಟ್ಯಾಗನ್ನು ನೇರವಾಗಿ ಟೈಪ್ ಮಾಡಿದರೆ ಹೀಗಾಗುವುದುಂಟು. ಕಮಾಂಡಿನ ಆಯ್ಕೆಗಳನ್ನು ಸಾಲಿಗೊಂದರಂತೆ ಯುಟಿಎಫ್-8 ಪಠ್ಯ ಫೈಲಿನಲ್ಲಿ ಬರೆದು, ಎಕ್ಸಿಫ್‌ಟೂಲಿಗೆ ಆ ಫೈಲನ್ನೇ ಓದಲು ಕೊಡುವುದು ಸರಿಯಾದ ಕ್ರಮ.

ಮೂರನೆಯದು ಉದ್ದ. ಐಪಿಟಿಸಿಯ ಒಂದು ಕೀವರ್ಡ್‌ಗೆ 64 ಬೈಟ್ ಮಿತಿ. ಇಂಗ್ಲಿಷಿಗೆ 64 ಅಕ್ಷರ, ನಮಗೆ 21. ಅದರಲ್ಲೂ ಒತ್ತು, ಗುಣಿತದ ಚಿಹ್ನೆ, ಅನುಸ್ವಾರ ಎಲ್ಲವೂ ಒಂದೊಂದು ಅಕ್ಷರದ ಲೆಕ್ಕ. "ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬ" ಎಂಬ ಟ್ಯಾಗ್ 74 ಬೈಟ್ ಆಗುತ್ತದೆ. ಬೈಟ್ ಲೆಕ್ಕದಲ್ಲಿ ಕತ್ತರಿಸುವ ತಂತ್ರಾಂಶ "ಅಜ್ಜಿಯ ಎಂಬತ್ತನೇ ಹುಟ್ಟು" ತನಕ ಇಟ್ಟುಕೊಂಡು, "ಹ" ಅಕ್ಷರದ ನಡುವೆಯೇ ಕೊಯ್ಯುತ್ತದೆ. ಕೊನೆಯಲ್ಲಿ ಒಂದು ಮುರಿದ ಚೌಕ ಕಾಣುತ್ತದೆ, ಎಕ್ಸ್‌ಎಂಪಿಯಲ್ಲಿರುವ ಪೂರ್ತಿ ಟ್ಯಾಗ್ ಒಂದು, ಐಪಿಟಿಸಿಯ ಮೊಂಡು ಟ್ಯಾಗ್ ಒಂದು ಎಂದು ಪಟ್ಟಿಯಲ್ಲಿ ಎರಡಾಗುತ್ತವೆ. ಎಕ್ಸ್‌ಎಂಪಿಗೆ ಈ ಮಿತಿ ಇಲ್ಲ. ಸರ್ವರ್ ಐಪಿಟಿಸಿಯನ್ನೇ ಓದುವುದಾದರೆ ಟ್ಯಾಗ್ ಚಿಕ್ಕದಿರಲಿ: "ಅಜ್ಜಿ" ಒಂದು, "ಹುಟ್ಟುಹಬ್ಬ" ಇನ್ನೊಂದು. ಹುಡುಕಲಿಕ್ಕೂ ಅದೇ ಹಗುರ.

ನಾಲ್ಕನೆಯದು ಕಣ್ಣಿಗೇ ಕಾಣುವುದಿಲ್ಲ. ಒಂದೇ ಟ್ಯಾಗ್ ಪಟ್ಟಿಯಲ್ಲಿ ಎರಡು ಸಲ ಇದೆ, ಎರಡೂ ಅಚ್ಚು ಒಂದೇ ಥರ. "ತೋಟ" ಎಂಬುದರ "ತೋ"ದಲ್ಲಿರುವ ಓ ಕಾರವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ತುಂಡಾಗಿಯೂ ಬರೆಯಬಹುದು. ನೋಟ ಒಂದೇ, ಬೈಟ್ ಬೇರೆ; ಡೇಟಾಬೇಸ್ ನೋಡುವುದು ಬೈಟನ್ನು. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಫೈಲ್ ಹೆಸರನ್ನು ಬಿಡಿಸಿದ ರೂಪದಲ್ಲೇ ಇಡುತ್ತಿದ್ದವು, ಹಾಗಾಗಿ ಫೋಲ್ಡರಿನ ಹೆಸರನ್ನು ಟ್ಯಾಗಾಗಿ ಎತ್ತಿಕೊಂಡಲ್ಲಿ ಇದು ಬರುತ್ತದೆ. ಕೀಲಿಮಣೆ ಸೇರಿಸುವ ಅದೃಶ್ಯ ಜೋಡಕ, ಬಿಡಿಸುವ ಚಿಹ್ನೆಗಳದ್ದೂ ಇದೇ ಹಾಡು. ಟ್ಯಾಗ್‌ಗಳನ್ನು ಹೊರತೆಗೆದು ಎನ್‌ಎಫ್‌ಸಿ (ಯೂನಿಕೋಡಿನ ಕೂಡಿಸಿದ) ರೂಪಕ್ಕೆ ತಂದು, ಅದೃಶ್ಯ ಚಿಹ್ನೆಗಳನ್ನು ಎನ್‌ಎಫ್‌ಸಿ ಮುಟ್ಟದ ಕಾರಣ ಅವನ್ನು ಬೇರೆಯಾಗಿ ಒಂದೇ ಥರ ಮಾಡಿ, ಮತ್ತೆ ಬರೆಯುವುದು ಒಂದೇ ಪರಿಹಾರ. (ನುಡಿ, ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಟ್ಯಾಗ್ ಇದ್ದರೆ ಅದು ಆ ಫಾಂಟ್ ಇಲ್ಲದ ಕಡೆ ಗೀಟು ಚುಕ್ಕೆಯ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಆದರೆ ಮೇಲೆ ಹೇಳಿದ 2, 3ರ ಜೋಡಿ ಇರುವುದಿಲ್ಲ. ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು.)

ಫೈಲಿನಲ್ಲಿ ಸರಿ ಇದೆ, ಪರದೆಯಲ್ಲಿ ಇಲ್ಲ

ಈಗ ಸರ್ವರಿನ ಸರದಿ. ಹೆಚ್ಚಿನ ಸರ್ವರುಗಳು ಫೈಲಿನ ಬದಲಾವಣೆಯ ಸಮಯ ನೋಡಿ ಮತ್ತೆ ಓದಬೇಕೋ ಬೇಡವೋ ಎಂದು ನಿರ್ಧರಿಸುತ್ತವೆ. ಎಕ್ಸಿಫ್‌ಟೂಲಿನಲ್ಲಿ ದೊಡ್ಡಕ್ಷರದ ಪಿ ಆಯ್ಕೆ ಕೊಟ್ಟರೆ ಹಳೆಯ ಸಮಯವೇ ಉಳಿಯುತ್ತದೆ. ಸರ್ವರಿಗೆ ಏನೂ ಆಗಿಲ್ಲವೆಂದೇ ಅನಿಸುತ್ತದೆ. ಟ್ಯಾಗ್ ತಿದ್ದುವಾಗ ಆ ಆಯ್ಕೆ ಬಿಡಿ.

ಲ್ಯಾಪ್‌ಟಾಪಿನಿಂದ ಮೀಡಿಯಾ ಕಂಪ್ಯೂಟರಿಗೆ ಆರ್‌ಸಿಂಕ್ ಮೂಲಕ ನಕಲಿಸುವವರಿಗೆ ಇದರದ್ದೇ ಇನ್ನೊಂದು ರೂಪ. ಆರ್‌ಸಿಂಕ್ ಗಾತ್ರ ಮತ್ತು ಸಮಯ ಎರಡನ್ನು ಮಾತ್ರ ಹೋಲಿಸುತ್ತದೆ. ಎಕ್ಸ್‌ಎಂಪಿ ಭಾಗದ ಕೊನೆಯಲ್ಲಿ ಮುಂದಿನ ತಿದ್ದುಪಡಿಗೆಂದು ಸಾಮಾನ್ಯವಾಗಿ 2ರಿಂದ 4 ಕಿಲೋಬೈಟ್ ಖಾಲಿ ಜಾಗ ಬಿಟ್ಟಿರುತ್ತಾರೆ. ತಂತ್ರಾಂಶ ಆ ಜಾಗದೊಳಗೇ ಟ್ಯಾಗ್ ಸೇರಿಸಿದರೆ ಗಾತ್ರ ಒಂದು ಬೈಟೂ ಬದಲಾಗದು. ಸಮಯವನ್ನೂ ಉಳಿಸಿಕೊಂಡಿದ್ದರೆ ಆರ್‌ಸಿಂಕ್ ಆ ಫೈಲನ್ನು ಮುಟ್ಟುವುದೇ ಇಲ್ಲ. ಅಂಥ ಫೋಲ್ಡರಿಗೆ ಒಮ್ಮೆ ಚೆಕ್‌ಸಮ್ ಆಯ್ಕೆ ಕೊಟ್ಟು ಓಡಿಸಿ. ಪ್ರತಿ ಫೈಲನ್ನೂ ಪೂರ್ತಿ ಓದುವುದರಿಂದ ನಿಧಾನ, ಹಾಗಾಗಿ ದಿನನಿತ್ಯಕ್ಕೆ ಬೇಡ.

ಫೋಟೊಗಳು ನೆಟ್‌ವರ್ಕ್ ಡಿಸ್ಕಿನಲ್ಲಿದ್ದರೆ ಬದಲಾವಣೆಯ ಸುದ್ದಿ ತಾನಾಗಿ ಬರುತ್ತದೆಂದು ನಂಬಬೇಡಿ. ಲಿನಕ್ಸಿನ ಐನೋಟಿಫೈ ಸ್ಥಳೀಯ ಬದಲಾವಣೆಯನ್ನಷ್ಟೇ ಹೇಳುತ್ತದೆ. ಬೇರೆ ಕಂಪ್ಯೂಟರ್ ಅದೇ ಹಂಚಿಕೆಯಲ್ಲಿ ಬರೆದದ್ದು ಅದಕ್ಕೆ ಕೇಳಿಸದು. ನಿಗದಿತ ಸಮಯದ ಸ್ಕ್ಯಾನ್ ಇಟ್ಟುಕೊಳ್ಳಿ.

ಸರ್ವರಿನ ಒಳಗೇ ಒಮ್ಮೆ ಕೈಯಿಂದ ತಿದ್ದಿದ ಫೀಲ್ಡ್ ಲಾಕ್ ಆಗಿರಬಹುದು. ಪ್ಲೆಕ್ಸ್ ಎಂಬ ಮೀಡಿಯಾ ಸರ್ವರಿನಲ್ಲಿ ತಿದ್ದುವ ಪರದೆಯ ಫೀಲ್ಡಿನ ಪಕ್ಕ ಪುಟ್ಟ ಬೀಗ ಕಾಣುತ್ತದೆ. ಬೀಗ ತೆಗೆಯದೆ ಎಷ್ಟು ರಿಫ್ರೆಶ್ ಮಾಡಿದರೂ ಫೈಲಿನ ಹೊಸ ಟ್ಯಾಗ್ ಒಳಗೆ ಬರದು.

ಟ್ಯಾಗ್ ಬರೆದ ಮೇಲೆ ಫೋಟೊವೇ ಮಾಯವಾದರೆ ಅನುಮತಿ ನೋಡಿ. ಎಕ್ಸಿಫ್‌ಟೂಲ್ ಹೊಸ ಫೈಲ್ ಬರೆದು ಹಳೆಯದರ ಜಾಗಕ್ಕೆ ತರುತ್ತದೆ. ಬೇರೆ ಬಳಕೆದಾರನಾಗಿ ಓಡಿಸಿದ್ದರೆ ಫೈಲಿನ ಒಡೆತನ ಬದಲಾಗಿ, ಸರ್ವರಿನ ಬಳಕೆದಾರನಿಗೆ ಓದಲು ಬಾರದಂತಾಗಬಹುದು. ಸರ್ವರಿನ ಬಳಕೆದಾರನಾಗಿಯೇ ಓಡಿಸಿ, ಅಥವಾ ಇದ್ದ ಫೈಲಿನ ಮೇಲೆಯೇ ಬರೆಯುವ ಓವರ್‌ರೈಟ್ ಒರಿಜಿನಲ್ ಇನ್ ಪ್ಲೇಸ್ ಆಯ್ಕೆ ಕೊಡಿ, ಇದು ನಿಧಾನ.

ರಾ (ಕ್ಯಾಮೆರಾದ ಕಚ್ಚಾ) ಫೋಟೊಗಳ ಸೈಡ್‌ಕಾರ್ ವಿಷಯದಲ್ಲಿ ನೋಡಬೇಕಾದದ್ದು ಹೆಸರು. ಲೈಟ್‌ರೂಮ್ ಫೋಟೊದ ವಿಸ್ತರಣೆ ತೆಗೆದು ಎಕ್ಸ್‌ಎಂಪಿ ಸೇರಿಸುತ್ತದೆ. ಡಾರ್ಕ್‌ಟೇಬಲ್, ಡಿಜಿಕ್ಯಾಮ್ ಪೂರ್ತಿ ಹೆಸರಿನ ಕೊನೆಗೆ ಸೇರಿಸುತ್ತವೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹುಡುಕುವುದೇ ಬೇರೆ ಹೆಸರಿನಲ್ಲಿ.

ಎಲ್ಲಕ್ಕೂ ಬರೆಯುವಾಗ

ಮೊದಲು 20 ಫೋಟೊದ ಫೋಲ್ಡರ್, ಆಮೇಲೆ ಒಂದು ವರ್ಷದ್ದು, ಕೊನೆಗೆ ಉಳಿದದ್ದು. ಎಕ್ಸಿಫ್‌ಟೂಲ್ ತಾನಾಗಿ ಹಳೆಯ ಪ್ರತಿಯನ್ನು ಹೆಸರಿನ ಕೊನೆಗೆ ಒರಿಜಿನಲ್ ಎಂದು ಸೇರಿಸಿ ಉಳಿಸುತ್ತದೆ. ವಿಸ್ತರಣೆ ಬದಲಾಗುವುದರಿಂದ ಟಿವಿಯಲ್ಲಿ ಅವು ಕಾಣುವುದಿಲ್ಲ, ಡಿಸ್ಕಿನಲ್ಲಿ ಮಾತ್ರ ಇರುತ್ತವೆ: 4 ಮೆಗಾಬೈಟಿನ 40,000 ಫೋಟೊಗಳಿಗೆ 160 ಗಿಗಾಬೈಟ್ ಹೆಚ್ಚುವರಿ. ಡಿಸ್ಕ್ ತುಂಬಿದ್ದು ಗೊತ್ತಾಗುವುದು ರಾತ್ರಿ ಟಿವಿ ರೆಕಾರ್ಡಿಂಗ್ ನಿಂತಾಗ. ಬೇರೆ ಡಿಸ್ಕಿನಲ್ಲಿ ಬ್ಯಾಕಪ್ ಇದೆಯೆಂದು ತೆರೆದು ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಪ್ರತಿ ಇಡದೆ ಬರೆಯುವ ಆಯ್ಕೆ ಬಳಸಿ.

ಬರೆಯುವ ಹೊತ್ತಿಗೆ ಸರ್ವರಿನ ಸ್ಕ್ಯಾನ್ ನಿಲ್ಲಿಸಿ. ಮುಗಿದ ಮೇಲೆ ಬದಲಾದ ಫೋಲ್ಡರುಗಳ ಮೆಟಾಡೇಟಾವನ್ನಷ್ಟೇ ರಿಫ್ರೆಶ್ ಮಾಡಿ, ಟಿವಿಯ ಆ್ಯಪ್ ಮುಚ್ಚಿ ತೆರೆಯಿರಿ. ಹಳೆಯ ಪಟ್ಟಿಯನ್ನೇ ತೋರಿಸುತ್ತಿದ್ದರೆ ಆ್ಯಪಿನ ಕ್ಯಾಶ್ ಅಳಿಸಿ. ಪಿಎನ್‌ಜಿ ಸ್ಕ್ರೀನ್‌ಶಾಟ್ ಮತ್ತು ವಿಡಿಯೊಗಳನ್ನು ಈ ಸುತ್ತಿಗೆ ಸೇರಿಸಬೇಡಿ. ಅವುಗಳಲ್ಲಿ ಟ್ಯಾಗ್ ಕೂರುವ ಜಾಗವೇ ಬೇರೆ, ವಿಂಡೋಸ್ ಎಕ್ಸ್‌ಪ್ಲೋರರಿನ ಟ್ಯಾಗ್ ಪೆಟ್ಟಿಗೆ ಪಿಎನ್‌ಜಿಗೆ ಬರೆಯುವುದೂ ಇಲ್ಲ. ಅವುಗಳಿಗೆಂದೇ ಇನ್ನೊಂದು ಪರೀಕ್ಷಾ ಫೈಲ್ ಮಾಡಿಕೊಂಡು ಮತ್ತೆ ಮೊದಲಿನಿಂದ ನೋಡಬೇಕು.