ಸದ್ದು ನಿಂತಿತು, ಅರ್ತ್ ಪಿನ್ನೂ ಹೋಯಿತು

ಚಿತ್ರದುರ್ಗದ ತುರುವನೂರು ರಸ್ತೆ ಕಡೆಯ ಒಂದು ಮನೆಯಲ್ಲಿ ಈ ವಾರ ಟಿವಿ ಸ್ಟ್ಯಾಂಡಿನ ಹಿಂದೆ ಒಂದು ಹಿತ್ತಾಳೆ ಪಿನ್ನು ಬಿದ್ದಿತ್ತು. ಮೂರು ಪಿನ್ನಿನ ಪ್ಲಗ್ಗಿನ ಮೇಲ್ಗಡೆಯ ದಪ್ಪ ಅರ್ತ್ ಪಿನ್ನು, ಹ್ಯಾಕ್ಸಾದಲ್ಲಿ ಕೊಯ್ದದ್ದು. ಆ ಮನೆಯ ನಿವೃತ್ತ ಮೇಷ್ಟ್ರು ರಾತ್ರಿ ಊಟವಾದ ಮೇಲೆ ಹಿಂದೂಸ್ತಾನಿ ಕೇಳುವವರು. ಆಂಪ್ಲಿಫೈಯರ್ ಗುಂಯ್ ಎನ್ನಲು ಶುರುವಾಗಿ ತಂಬೂರಿಯ ಷಡ್ಜವೇ ಮುಳುಗಿಹೋಗಿತ್ತು. ರಿಪೇರಿಗೆ ಕರೆಸಿದ ಹುಡುಗ, "ಈ ಪಿನ್ ತೆಗೆದ್ರೆ ಸೌಂಡ್ ನಿಲ್ಲುತ್ತೆ ಸರ್, ಏನಾಗಲ್ಲ ಬಿಡ್ರಿ" ಅಂದ. ಮೇಷ್ಟ್ರು, "ನಿಂತೈತಲ್ಲಪ್ಪ, ಅಷ್ಟು ಸಾಕು" ಅಂದರು. ಇದನ್ನು ಅವರೇ ಸಮಾಧಾನದಿಂದ ಹೇಳಿದರು.

ಏನಾಗಲ್ಲ ಬಿಡ್ರಿ. ಈ ಮಾತೇ ಮತ್ತೆ ಮತ್ತೆ ಕಿವಿಯಲ್ಲಿ ಸುತ್ತುತ್ತಿದೆ.

ಸದ್ದು ನಿಂತದ್ದು ನಿಜ. ಯಾಕೆ ನಿಂತಿತು ಎನ್ನುವುದನ್ನು ನೋಡಬೇಕು. ಆಂಪ್ಲಿಫೈಯರಿನ ಲೋಹದ ಬಾಡಿ ಮನೆಯ ಅರ್ತಿಗೆ, ಅಂದರೆ ನೆಲದ ಗುಂಡಿಗೆ ಇಳಿಯುವ ವೈರಿಗೆ, ಸೇರಿದೆ. ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ಲಿನ ಹೊರಜಾಲರಿ ಬೀದಿಯಲ್ಲಿ ಇನ್ನೆಲ್ಲೋ ನೆಲ ಮುಟ್ಟಿದೆ. ಎರಡು ಕಡೆಯ ನೆಲದ ವೋಲ್ಟೇಜು ಒಂದೇ ಆಗಿರುವುದಿಲ್ಲ. ಎರಡನ್ನೂ ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ವೈರು ಜೋಡಿಸಿದ ಕೂಡಲೇ ಅದರ ಜಾಲರಿಯಲ್ಲಿ 50 ಹರ್ಟ್ಸ್ ಕರೆಂಟು ಹರಿಯುತ್ತದೆ, ಅದರಿಂದ ಹುಟ್ಟುವ ಚೂರು ವೋಲ್ಟೇಜು ಹಾಡಿನ ಜೊತೆ ಬೆರೆಯುತ್ತದೆ. ಹಾಡಿನ ಸಿಗ್ನಲ್ 300 ಮಿಲಿವೋಲ್ಟ್ ಇದ್ದರೆ ಬರೀ 1 ಮಿಲಿವೋಲ್ಟ್ ಗುಂಯ್ ಕೂಡ ಸುಮಾರು 50 ಡೆಸಿಬಲ್ ಕೆಳಗಷ್ಟೇ ಇರುತ್ತದೆ. ಮೆಲ್ಲಗಿನ ಆಲಾಪದಲ್ಲಿ ಅದು ಚೆನ್ನಾಗಿಯೇ ಕೇಳುತ್ತದೆ.

ಅರ್ತ್ ಪಿನ್ನು ಕೊಯ್ದರೆ ಕರೆಂಟು ಹರಿಯುವ ಈ ಸುತ್ತು ತುಂಡಾಗುತ್ತದೆ, ಆದರೆ ತುಂಡಾಗಬಾರದ ಜಾಗದಲ್ಲಿ. ನಾಳೆ ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್ ಸುಟ್ಟು ಫೇಸ್ (ಕರೆಂಟು ಬರುವ ವೈರು) ಬಾಡಿಗೆ ತಗುಲಿದರೆ ಕರೆಂಟು ಹೋಗಲು ಅರ್ತ್ ದಾರಿ ಇಲ್ಲ, ಫ್ಯೂಸ್ ಹಾರುವುದಿಲ್ಲ. ಬಾಡಿ 230 ವೋಲ್ಟಿನಲ್ಲಿ ಕೂತಿರುತ್ತದೆ. ಆಮೇಲೆ ಉಳಿಯುವ ದಾರಿ ಎರಡೇ: ತೆಳ್ಳನೆಯ ಆರ್‌ಸಿಎ ಜಾಲರಿ, ಇಲ್ಲವೆ ವಾಲ್ಯೂಮ್ ತಿರುಗಿಸುವ ಮೇಷ್ಟ್ರ ಕೈ. ನಮ್ಮ ಪ್ಲಗ್ಗುಗಳಲ್ಲಿ ಅರ್ತ್ ಪಿನ್ನು ಉದ್ದ ಇರುವುದೇ ಮೊದಲು ಸೇರಲಿ, ಕೊನೆಗೆ ಬಿಡಲಿ ಎಂದು. ಹಿಂಬದಿಯಲ್ಲಿ ಚೌಕದೊಳಗೆ ಚೌಕದ ಗುರುತು ಇರುವ ಸಾಮಾನಿಗೆ ಎರಡು ಪಿನ್ನು ಸಾಕು, ಅದರ ರಚನೆಯೇ ಬೇರೆ. ಈ ಆಂಪ್ಲಿಫೈಯರಿಗೆ ಆ ಗುರುತಿಲ್ಲ.

ಇದನ್ನು ಸರಿಯಾಗಿ ಹಿಡಿಯಲು ಹತ್ತು ನಿಮಿಷ ಸಾಕು. ಪಿನ್ನು ಹಾಗೇ ಇರಬೇಕು. ಮೊದಲು ವಾಲ್ಯೂಮ್ ತಿರುಗಿಸಿ ಕೇಳಿ. ಗುಂಯ್ ಏರಿಳಿದರೆ ದೋಷ ವಾಲ್ಯೂಮಿಗಿಂತ ಮುಂಚೆ ಇದೆ, ಏರಿಳಿಯದಿದ್ದರೆ ಆಮೇಲೆ ಅಥವಾ ಪವರ್ ಸಪ್ಲೈಯಲ್ಲಿದೆ. ನಂತರ ಇನ್‌ಪುಟ್ ವೈರುಗಳನ್ನೆಲ್ಲ ತೆಗೆಯಿರಿ. ಮೌನವಾಯಿತೇ? ಒಂದೊಂದಾಗಿ ಸಿಕ್ಕಿಸುತ್ತ ಬನ್ನಿ. ಯಾವುದು ಸಿಕ್ಕಿಸಿದಾಗ ಗುಂಯ್ ಬರುತ್ತದೋ ಆ ಸಾಮಾನಿಗೆ ಬೇರೆ ಯಾವ ವೈರು ಬಂದಿದೆ ನೋಡಿ. ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಈ ಮನೆಯಲ್ಲಿ ಮೊದಲು ಹೊಸ ಪ್ಲಗ್ ಹಾಕಿ ನೋಡಿದಾಗ, ಸೆಟ್‌ಟಾಪ್ ಬಾಕ್ಸಿನ ಹಿಂದಿನ ಕೇಬಲ್ ಬಿಚ್ಚಿದ ಕೂಡಲೇ ಗುಂಯ್ ಹೋಯಿತು. ಅಲ್ಲಿಗೆ ಕಳ್ಳ ಸಿಕ್ಕಂತೆ.

ಮದ್ದು ಆ ಕೇಬಲ್ಲಿಗೆ ಹಾಕುವ ಐಸೊಲೇಟರ್. ಒಳಗೆ ಸಣ್ಣ ಕೆಪಾಸಿಟರುಗಳು. ಟಿವಿ ಸಿಗ್ನಲ್ ದಾಟಿಸುತ್ತವೆ, 50 ಹರ್ಟ್ಸ್ ತಡೆಯುತ್ತವೆ. ಛಾವಣಿ ಮೇಲೆ ಡಿಷ್ ಇರುವವರು ಮಾತ್ರ ಇದನ್ನು ಹಾಕಬಾರದು: ಡಿಷ್ಷಿನ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಅದೇ ಕೇಬಲ್ಲಿನಲ್ಲಿ 13 ಅಥವಾ 18 ವೋಲ್ಟ್ ಡಿಸಿ ಹೋಗಬೇಕು, ಐಸೊಲೇಟರ್ ಅದನ್ನೂ ನಿಲ್ಲಿಸುತ್ತದೆ. ಅವರು ಆರ್‌ಸಿಎ ದಾರಿಯಲ್ಲಿ ಎರಡು ಕಡೆಯ ವೈರು ಮುಟ್ಟಿಸದೆ ಹಾಡನ್ನಷ್ಟೇ ದಾಟಿಸುವ 1:1 ಆಡಿಯೊ ಟ್ರಾನ್ಸ್‌ಫಾರ್ಮರ್ ಹಾಕಲಿ. ಅಗ್ಗದ್ದು ತಂದರೆ ತಬಲಾದ ಬಾಯಾ ಸೊರಗುತ್ತದೆ. ಟಿವಿಯಲ್ಲಿ ಆಪ್ಟಿಕಲ್ ಔಟ್ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ; ಬೆಳಕಿನ ದಾರಿಯಲ್ಲಿ ಕರೆಂಟು ಹರಿಯುವುದೇ ಇಲ್ಲ.

ಕೇಬಲ್ ಬಿಚ್ಚಿದ ಮೇಲೂ ಒಂದು ಸಣ್ಣ ಝೇಂಕಾರ ಉಳಿದಿತ್ತು. ವಾಲ್ಯೂಮ್ ಸೊನ್ನೆ ಮಾಡಿದರೂ ಹಾಗೇ, ಮೊದಲಿನದಕ್ಕಿಂತ ಒಂದು ಸಪ್ತಕ ಮೇಲೆ. ಅದು 100 ಹರ್ಟ್ಸ್, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಆದ ಮೇಲಿನ ಸದ್ದು. ಮುಚ್ಚಳ ತೆಗೆದರೆ 6800 ಮೈಕ್ರೋಫ್ಯಾರಡ್, 50 ವೋಲ್ಟಿನ ಎರಡು ಫಿಲ್ಟರ್ ಕೆಪಾಸಿಟರುಗಳಲ್ಲಿ ಒಂದರ ತಲೆ ಉಬ್ಬಿತ್ತು. ಪೂರ್ತಿ ಬಲದಲ್ಲಿದ್ದಾಗ 1 ಆಂಪಿಯರ್ ಎಳೆದರೆ ಸುಮಾರು 1.5 ವೋಲ್ಟ್ ಏರಿಳಿತ ಉಳಿಯುತ್ತದೆ. ಒಳಗಿನ ದ್ರವ ಒಣಗಿ ಸಾಮರ್ಥ್ಯ ಅರ್ಧವಾದರೆ 3 ವೋಲ್ಟ್. ನಮ್ಮ ಕಡೆಯ ಬೇಸಿಗೆಯಲ್ಲಿ ಮುಚ್ಚಿದ ಶೋಕೇಸಿನೊಳಗೆ ಇಟ್ಟ ಆಂಪ್ಲಿಫೈಯರಿಗೆ ಇದು ಬೇಗ ಬರುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಬೇಕು: ಅಷ್ಟೇ ಮೈಕ್ರೋಫ್ಯಾರಡ್, 50 ಅಥವಾ 63 ವೋಲ್ಟ್, 105 ಡಿಗ್ರಿ ಬಿಸಿ ತಡೆಯುವುದು. ವೋಲ್ಟೇಜು ಕಡಿಮೆಯದನ್ನು ಎಂದೂ ಹಾಕಬಾರದು, ಪ್ಲಸ್ ಮೈನಸ್ ತಿರುವಾದರೆ ಸಿಡಿಯುತ್ತದೆ. ಬಿಚ್ಚುವ ಮುಂಚೆ ಪ್ಲಗ್ ತೆಗೆದು, 220 ಓಮ್ 5 ವ್ಯಾಟ್ ರೆಸಿಸ್ಟರನ್ನು ಕೆಪಾಸಿಟರಿನ ಕಾಲುಗಳಿಗೆ ಹಿಡಿದು ಖಾಲಿ ಮಾಡಿ, ಮೀಟರಿನಲ್ಲಿ ನೋಡಿ. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸುವುದು ಬೇಡ. ಹೊಸದು ಹಾಕಿದ ಮೇಲೆ ಮೊದಲ ಸಲ 60 ವ್ಯಾಟಿನ ಹಳೇ ತಂತಿ ಬಲ್ಬನ್ನು ಸೀರೀಸ್ ಕೊಟ್ಟು ಆನ್ ಮಾಡಿ. ಒಮ್ಮೆ ಬೆಳಗಿ ಮಂಕಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ.

ಹುಡುಗ ಕೆಟ್ಟವನಲ್ಲ, ಕೈ ಚುರುಕು. ಸದ್ದು ನಿಲ್ಲಿಸು ಎಂದು ದುಡ್ಡು ಕೊಟ್ಟರು, ನಿಲ್ಲಿಸಿದ. ಪಿನ್ನು ಯಾಕೆ ಇದೆ ಎಂದು ಅವನಿಗೆ ಕೆಲಸ ಕಲಿಸಿದವರು ಹೇಳಿಲ್ಲ. ಬೇಸರವಾದದ್ದು ಮೇಷ್ಟ್ರ ಮೇಲೆ. ಜೀವಮಾನವೆಲ್ಲ ಮಕ್ಕಳಿಗೆ "ಯಾಕೆ" ಎಂದು ಕೇಳಲು ಹೇಳಿಕೊಟ್ಟವರು ಇಲ್ಲಿ ಕೇಳಲಿಲ್ಲ.

ಅದೂ ಚಿತ್ರದುರ್ಗದಲ್ಲಿ. ದಾವಣಗೆರೆ ಕಡೆಯ ಎರೆಮಣ್ಣು ತೇವ ಹಿಡಿದಿರುವಷ್ಟು ದಿನ ಅರ್ತಿಂಗಿಗೆ ಒಳ್ಳೆಯ ನೆಲ. ದುರ್ಗದ ಎಷ್ಟೋ ಕಡೆ ಸ್ವಲ್ಪ ತೋಡಿದರೆ ಬಂಡೆ. ಇದ್ದಿಲು, ಉಪ್ಪು ಹಾಕಿದ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕದಿದ್ದರೆ ಅದು ಹೆಸರಿಗಷ್ಟೇ ಅರ್ತ್. ಮಲ್ಟಿಮೀಟರ್ ಹಿಡಿದರೆ ಫೇಸಿಗೂ ಅರ್ತಿಗೂ 230 ತೋರಿಸಿ ಮೋಸ ಮಾಡುತ್ತದೆ, ಅದು ಎಳೆಯುವ ಕರೆಂಟು ಅಷ್ಟು ಕಡಿಮೆ. ಅರ್ತ್ ಟೆಸ್ಟರ್ ಇರುವವರಿಂದಲೇ ಅಳೆಸಬೇಕು. ಗುಂಡಿಯ ರೆಸಿಸ್ಟೆನ್ಸ್ 20 ಓಮ್ ಇದ್ದರೆ ಫೇಸ್ ಬಾಡಿಗೆ ತಗುಲಿದಾಗ ಹರಿಯುವುದು 11.5 ಆಂಪಿಯರ್, 16 ಆಂಪಿಯರಿನ ಎಂಸಿಬಿ (ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚು) ಬೀಳುವುದೇ ಇಲ್ಲ. ಇಂಥ ಊರಿನಲ್ಲಿ ಪ್ರತಿ ಮನೆಗೂ ಕರೆಂಟು ಸೋರಿದರೆ ಬೀಳುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಬೇಕೇ ಬೇಕು. ಅರ್ತ್ ಸರಿಯಿದ್ದರೆ ದೋಷ ಬಂದ ಕ್ಷಣವೇ ಅದು ಬೀಳುತ್ತದೆ. ಪಿನ್ನು ಕೊಯ್ದಿದ್ದರೆ ಅದು ಬೀಳುವುದಕ್ಕೂ ಯಾರಾದರೂ ಮುಟ್ಟಿ ಶಾಕ್ ಹೊಡೆಸಿಕೊಳ್ಳಬೇಕಾದೀತು.

ಹೊಸ ಪ್ಲಗ್ ಹಾಕಿ, ಹಸಿರು ವೈರನ್ನು ಮೇಲಿನ ಪಿನ್ನಿಗೆ ಬಿಗಿದದ್ದಾಯಿತು. ಕೇಬಲ್ಲಿಗೆ ಐಸೊಲೇಟರ್ ಕೂತಿದೆ, ಗುಂಯ್ ಇಲ್ಲ. ಆದರೆ ಅದೇ ಮನೆಯ ಅಡುಗೆಮನೆಯಲ್ಲಿ ಗ್ರೈಂಡರ್ ಎರಡು ಪಿನ್ನಿನ ಕನ್ವರ್ಟರಿನಲ್ಲಿ ನಿಂತಿತ್ತು, ವಾಷಿಂಗ್ ಮೆಷಿನ್ ಕೂಡ. ಮುಟ್ಟಿದರೆ ಜುಮ್ ಅನ್ನುತ್ತದೆ ಎಂದು ಮೇಷ್ಟ್ರ ಮನೆಯವರು ಚಪ್ಪಲಿ ಹಾಕಿಕೊಂಡು ಬಟ್ಟೆ ಒಗೆಯುತ್ತಾರಂತೆ. ಆ ಎರಡು ಕನ್ವರ್ಟರುಗಳನ್ನೂ ಕಿತ್ತು ಆಚೆ ಹಾಕಿ, ಮೂರು ಪಿನ್ನಿನ ಸಾಕೆಟ್ಟಿಗೆ ಅರ್ತ್ ವೈರು ಎಳೆಯಲು ಅದೇ ಹುಡುಗನಿಗೇ ಹೇಳಿದ್ದಾಗಿದೆ.