ಅತ್ತೂರಿನ ಮೊಂಬತ್ತಿ, ಲಾರೆನ್ಸರ ಮೂರು ದಿನ

ಜನವರಿಯಲ್ಲಿ ಕಾರ್ಕಳದ ಅತ್ತೂರಿಗೆ, ಸಂತ ಲಾರೆನ್ಸರ ಮಹೋತ್ಸವಕ್ಕೆ, ಕ್ರೈಸ್ತರಷ್ಟೇ ಬರುವುದಿಲ್ಲ. ಹರಕೆ ಹೊತ್ತ ಎಲ್ಲ ಮತದವರೂ ಮೊಂಬತ್ತಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ದೇವಾಲಯಕ್ಕೆ 2016ರಲ್ಲಿ ಬಸಿಲಿಕಾ, ಅಂದರೆ ಪೋಪರ ವಿಶೇಷ ಮನ್ನಣೆ ಪಡೆದ ಚರ್ಚ್, ಎಂಬ ಪದವಿ ದೊರೆತರೂ ಊರಿನವರಿಗೆ ಇದು ಅತ್ತೂರು ಜಾತ್ರೆಯೇ. ಒಂದು ವರ್ಷ ನಾನೂ ಹರಕೆ ತೀರಿಸಲು ಹೋಗಿದ್ದೆ. ಬಲಿಪೂಜೆ ತಪ್ಪೀತೆಂಬ ಆತುರದಲ್ಲಿ, ದಾರಿಬದಿಯಲ್ಲಿ ಟವೆಲು ಹಾಸಿ ಕುಳಿತಿದ್ದ ಮುದುಕರೊಬ್ಬರು ಚಾಚಿದ ಕೈಯನ್ನು ಕಂಡೂ ಕಾಣದವನಂತೆ ದಾಟಿಹೋದೆ.

ಒಳಗೆ ನಿಂತಾಗ ಲಾರೆನ್ಸರ ಕಥೆಯೇ ನನ್ನನ್ನು ಕೆಣಕಿತು. ಅವರು ರೋಮಿನ ಧರ್ಮಸಭೆಯಲ್ಲಿ ಬಡವರಿಗೆ ದಾನ ಹಂಚುವ ಹೊಣೆ ಹೊತ್ತಿದ್ದ ಡೀಕನ್, ಅಂದರೆ ಗುರುಗಳಿಗಿಂತ ಕೆಳಗಿನ ದರ್ಜೆಯ ಧರ್ಮಸೇವಕ. ಚಕ್ರವರ್ತಿ ವಲೇರಿಯನ್ನನ ಕಾಲದಲ್ಲಿ, 258ರಲ್ಲಿ, ರಕ್ತಸಾಕ್ಷಿಯಾದವರು. ಧರ್ಮಸಭೆಯ ಸಂಪತ್ತನ್ನು ಒಪ್ಪಿಸೆಂದು ಅಧಿಕಾರಿ ಅಪ್ಪಣೆ ಮಾಡಿದಾಗ ಅವರು ಮೂರು ದಿನಗಳ ಗಡುವು ಕೇಳಿ, ಇದ್ದುದನ್ನೆಲ್ಲ ಹಂಚಿ, ಕುರುಡರು, ಕುಂಟರು, ನಿರ್ಗತಿಕರನ್ನು ಕರೆತಂದು, ಇವರೇ ನಮ್ಮ ಸಂಪತ್ತು ಎಂದರೆಂದು ಪರಂಪರೆ ಹೇಳುತ್ತದೆ. ನಾವು ನೆನೆಯುವುದು ಆ ಉತ್ತರವನ್ನು. ನನಗೆ ದೊಡ್ಡದಾಗಿ ಕಾಣುವುದು ಆ ಮೂರು ದಿನಗಳ ಅಲೆದಾಟ.

ಬೈಬಲಿನ ಮತ್ತಾಯನ ಶುಭಸಂದೇಶದ 5ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಧನ್ಯರೆಂದು ಮೊದಲು ಕರೆಯುವುದು ಆತ್ಮದಲ್ಲಿ ಬಡವರನ್ನು. ಅಲ್ಲಿರುವ ಗ್ರೀಕ್ ಪದ ‘ಪ್ತೋಖೋಸ್’ ಕೈಚಾಚಿ ಬೇಡಿಯೇ ಬದುಕಬೇಕಾದವನನ್ನು ಸೂಚಿಸುತ್ತದೆ. ನೀತಿಗಾಗಿ ಹಸಿದು ಬಾಯಾರಿದವರೂ ಧನ್ಯರೆಂದು ಮುಂದೆ ಬರುತ್ತದೆ. ಹಸಿದವನು ಅನ್ನ ತಾನಾಗಿ ಬರಲೆಂದು ಸುಮ್ಮನೆ ಕೂರುವುದಿಲ್ಲವಲ್ಲ! ಈ ವಾಕ್ಯಗಳನ್ನು ಬಾಯಿಪಾಠ ಮಾಡಿದ್ದ ನಾನು ದೇವರನ್ನು ಹುಡುಕುವುದೆಂದರೆ ಪೀಠದವರೆಗೆ ತಲುಪುವುದೆಂದೇ ತಿಳಿದಿದ್ದೆ. ನಿರ್ಮಲಚಿತ್ತರು ದೇವರನ್ನು ಕಾಣುವರೆಂಬ ಅಲ್ಲಿಯದೇ ಮಾತು ಕಣ್ಣಿಗೂ ಸಂಬಂಧಿಸಿದ್ದೆಂಬುದು ಹೊಳೆದೇ ಇರಲಿಲ್ಲ.

ಪೂಜೆ ಮುಗಿಸಿ ಬಂದಾಗ ಆ ಹಿರಿಯರು ಅಲ್ಲೇ ಇದ್ದರು. ನಾನು ಜೇಬಿನಿಂದ ನೋಟು ತೆಗೆದೆ. ಅವರು ತಲೆಯಾಡಿಸಿ ಮತ್ತೆ ಕೈ ಚಾಚಿದರು. ಅಂಗೈಯ ಬೆವರಿಗೆ ತುಸು ಬಾಗಿದ ಮೊಂಬತ್ತಿಯೊಂದು ಅದರಲ್ಲಿತ್ತು.

“ಅಷ್ಟು ದೂರ ನಡೆಯಲು ನನ್ನಿಂದ ಆಗುವುದಿಲ್ಲ ಮಗಾ, ಇದನ್ನೊಂದು ಹಚ್ಚಿ ಬರ್ತೀಯಾ?” ಎಂದರು.

ನಾನು ಹಿಂದಿರುಗಿ ಸಾಲಿನ ಕೊನೆಯಲ್ಲಿ ನಿಂತೆ.